ಕೆಮ್ಮುವ ಮಗುವನ್ನು ಅಜ್ಜನ ಹತ್ತಿರ ಬಿಡುವ ಮುಂಚೆ

ಸಂಪಾದಕರಿಗೆ ನಮಸ್ಕಾರ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಣ್ಣ ಊರಿನವಳು. ಸ್ವಲ್ಪ ಅಡಿಕೆ ತೋಟ ಇದೆ, ನಾಲ್ಕು ವರ್ಷದ ಮಗ ಇದ್ದಾನೆ, 79 ದಾಟಿದ ಮಾವ ಇದ್ದಾರೆ. ಪತ್ರಿಕೆಗೆ ಬರೆಯುತ್ತಿರುವುದು ಇದೇ ಮೊದಲು. ಕಳೆದ ಮಳೆಗಾಲದಲ್ಲಿ ನಮ್ಮನೆಯಲ್ಲಿ ಆದದ್ದು ಎಷ್ಟೋ ಮನೆಗಳಲ್ಲಿ ಪ್ರತಿ ವರ್ಷ ಆಗುತ್ತದೆ, ಯಾರೂ ಅದನ್ನು ಒಂದು ವಿಷಯ ಅಂತ ಮಾತಾಡುವುದಿಲ್ಲ. ಅದಕ್ಕೇ ಬರೆಯಬೇಕು ಅನಿಸಿತು.

ಗೌರಿ ಹಬ್ಬಕ್ಕೆ ಇನ್ನೂ ಹತ್ತು ದಿನ ಇತ್ತು. ಮಗನಿಗೆ ಮೂಗು ಸೋರಲು ಶುರುವಾಯಿತು. ರಾತ್ರಿ ಮೈ ಬಿಸಿ, ಬೆಳಿಗ್ಗೆ ಕೆಮ್ಮು. ಮನೆಯಲ್ಲೇ ಇರಲಿ ಅಂತ ಶಾಲೆಗೆ ಫೋನ್ ಮಾಡಿದೆ. ನೆಗಡಿ ತಾನೇ, ಎಲ್ಲಾ ಮಕ್ಕಳಿಗೂ ಇದೆ, ಕಳಿಸಿ, ಸುಮ್ನೆ ಹಾಜರಾತಿ ಹೋಗುತ್ತದೆ ಎಂದರು. ಕಳಿಸಿದೆ. ಎರಡು ದಿನ ಹೋದ. ಮೂರನೇ ದಿನ ಜ್ವರ ಜಾಸ್ತಿಯಾಗಿ ಮಲಗಿದ. ಆವತ್ತೇ ಮಳೆ ಸ್ವಲ್ಪ ಹೊಳವಾಗಿತ್ತು, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಔಷಧಿ ಹೊಡೆಯುವವರು ಕೊನೆಗೂ ಸಿಕ್ಕಿದ್ದರು, ಅವರು ಮತ್ತೆ ಯಾವಾಗ ಸಿಗುತ್ತಾರೋ ಗೊತ್ತಿಲ್ಲ, ಹಾಗಾಗಿ ನಾನೂ ಮನೆಯವರೂ ಇಬ್ಬರೂ ತೋಟಕ್ಕೆ ಇಳಿಯಲೇಬೇಕಾಯಿತು. ಮಗುವನ್ನು ಮಾವನವರ ಹತ್ತಿರ ಬಿಟ್ಟೆವು. ಸಂಜೆ ಬಂದು ನೋಡಿದರೆ ಅಜ್ಜ ಮೊಮ್ಮಗ ಇಬ್ಬರೂ ಒಂದೇ ಕಂಬಳಿಯೊಳಗೆ ಬೆಚ್ಚಗೆ ಮಲಗಿದ್ದರು. ಅಜ್ಜನ ತಟ್ಟೆಯಲ್ಲೇ ಅವನಿಗೂ ಗಂಜಿ, ಅಜ್ಜನ ಹೆಗಲ ಟವೆಲ್‌ನಲ್ಲೇ ಅವನ ಮೂಗು ಒರೆಸಿದ್ದು, ಅಜ್ಜನ ಲೋಟದಲ್ಲೇ ಅವನಿಗೆ ನೀರು. ನೋಡಿ ನನಗೆ ಖುಷಿಯಾಗಿತ್ತು. ಮೂರು ದಿನ ಹಾಗೇ ಬಿಟ್ಟೆವು.

ಮಗ ಹುಷಾರಾದ. ಐದನೇ ದಿನಕ್ಕೆ ಮಾವನಿಗೆ ಕೆಮ್ಮು. ಜ್ವರ ಇಲ್ಲ. ಊಟ ಕಡಿಮೆ ಮಾಡಿದರು, ಬೆಳಿಗ್ಗೆ ಪೇಪರ್ ಕೈಗೆ ತಗೊಳ್ಳಲಿಲ್ಲ, ಒಂದು ಸಂಜೆ ನನ್ನನ್ನು ತೀರಿಹೋದ ಅತ್ತೆಯ ಹೆಸರು ಹಿಡಿದು ಕರೆದರು. ವಯಸ್ಸಾಯಿತು, ಮಳೆಗೆ ಹೀಗಾಗುತ್ತೆ ಅಂದುಕೊಂಡೆವು. ಅಷ್ಟರಲ್ಲಿ ಹಬ್ಬಕ್ಕೆ ನಾದಿನಿ ಏಳು ತಿಂಗಳ ಮಗುವನ್ನು ಎತ್ತಿಕೊಂಡು ತವರಿಗೆ ಬಂದಳು. ಅಪ್ಪ ಮೊಮ್ಮಗಳನ್ನು ಎತ್ತಿಕೊಳ್ಳಬಾರದು ಅಂತ ಯಾರು ಹೇಳುತ್ತಾರೆ? ಹಬ್ಬ ಮುಗಿಯುವ ಹೊತ್ತಿಗೆ ಆ ಮಗು ಹಾಲು ಕುಡಿಯುವುದು ಬಿಟ್ಟಿತು, ಎದೆಯಲ್ಲಿ ಗೊರಗೊರ ಸದ್ದು, ಉಸಿರು ಎಳೆಯುವಾಗ ಪಕ್ಕೆ ಒಳಗೆ ಹೋಗುತ್ತಿತ್ತು. ಒಂದೇ ವಾರದಲ್ಲಿ ಇಬ್ಬರನ್ನೂ ಶಿವಮೊಗ್ಗದ ಆಸ್ಪತ್ರೆಗೆ ಸೇರಿಸಿದೆವು. ಮಗುವಿಗೆ ಎರಡು ರಾತ್ರಿ ಆಕ್ಸಿಜನ್. ಮಾವನಿಗೆ ಎಂಟು ದಿನ. ಇಬ್ಬರೂ ಮನೆಗೆ ಬಂದರು, ಆ ಪುಣ್ಯ ನಮ್ಮದು.

ಡಾಕ್ಟರ್ ಮೊದಲು ಕೇಳಿದ್ದು, ಮನೆಯಲ್ಲಿ ಯಾರಿಗೆ ಮೊದಲು ಬಂತು ಅಂತ. ನಾನು ಮಳೆ, ಥಂಡಿ, ತಲೆಸ್ನಾನ ಅಂತೆಲ್ಲ ಹೇಳುತ್ತಿದ್ದೆ. ಅವರು ಮತ್ತೆ ಅದೇ ಕೇಳಿದರು. ಆಗಲೇ ನನಗೆ ಸಾಲಾಗಿ ಹೊಳೆದದ್ದು: ಶಾಲೆಯಿಂದ ಮಗ, ಮಗನಿಂದ ಅಜ್ಜ, ಅಜ್ಜನಿಂದ ಕೂಸು.

ನಾನು ಹೇಳಬೇಕೆಂದಿರುವುದು ಇಷ್ಟೇ. ಮಗುವಿಗೆ ಹುಷಾರಿಲ್ಲ ಎಂದಾಗ ನಾವು ಅದನ್ನು ಮನೆಯ ಅತಿ ಹಿರಿಯರ ಮಡಿಲಿಗೆ ಹಾಕುತ್ತೇವೆ. ರೋಗವನ್ನು ಅತಿ ಹೆಚ್ಚು ಹರಡುವವರನ್ನು, ಅದನ್ನು ಅತಿ ಕಡಿಮೆ ತಡೆದುಕೊಳ್ಳಬಲ್ಲವರ ಕೈಗೆ ಕೊಡುತ್ತೇವೆ. ಬೇರೆ ದಾರಿ ಇಲ್ಲದೆ ಕೊಡುತ್ತೇವೆ, ಅದೂ ನಿಜ. ಕೂಲಿಗೆ ಹೋಗುವ ತಾಯಿ ಒಂದು ದಿನ ಮನೆಯಲ್ಲಿ ಕೂತರೆ ಆ ದಿನದ ಕೂಲಿ ಹೋಯಿತು. ಅವಳಿಗೆ ಅಜ್ಜಿ ಬಿಟ್ಟರೆ ಇನ್ಯಾರಿದ್ದಾರೆ? ಆ ತಾಯಂದಿರನ್ನು ದೂರುವುದಕ್ಕೆ ನಾನು ಇದನ್ನು ಬರೆಯುತ್ತಿಲ್ಲ. ನಾನೂ ಅದನ್ನೇ ಮಾಡಿದವಳು.

ನಮ್ಮ ಮಲೆನಾಡಿನವರಿಗೆ ರೋಗ ಹೇಗೆ ಬರುತ್ತದೆ ಎಂದು ಕೇಳುವ ಬುದ್ಧಿ ಇಲ್ಲ ಎಂದಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಕಂಡ ಮೇಲೆ, ಅದು ಉಣುಗಿನಿಂದ ಬರುತ್ತದೆ, ಮನುಷ್ಯರಿಂದ ಮನುಷ್ಯರಿಗೆ ಬರುವುದಿಲ್ಲ ಎಂದು ಇಲ್ಲಿನ ಶಾಲೆ ಮಕ್ಕಳಿಗೂ ಗೊತ್ತು. ದರಗು, ಅಂದರೆ ಒಣಗಿದ ಎಲೆ, ತರಲು ಕಾಡಿಗೆ ಹೋಗುವವರು ಮೈಗೆ ಎಣ್ಣೆ ಹಚ್ಚಿಕೊಂಡು ಹೋಗುತ್ತಾರೆ. ಆದರೆ ವರ್ಷಕ್ಕೆ ಆರೆಂಟು ಸಲ ಪ್ರತಿ ಮಗುವಿಗೂ ಬರುವ ನೆಗಡಿ ಕೆಮ್ಮಿನ ಬಗ್ಗೆ ಮಾತ್ರ ನಾವು ಮಳೆಯನ್ನೇ ಬೈಯುತ್ತೇವೆ.

ಮಳೆ ನೀರಿನಲ್ಲಿ ವೈರಸ್ ಇರುವುದಿಲ್ಲ. ಮಳೆ ಬಂದಾಗ ನಾವು ಬಾಗಿಲು ಕಿಟಕಿ ಮುಚ್ಚುತ್ತೇವೆ, ಜಗಲಿಗೆ ಟಾರ್ಪಲ್ ಕಟ್ಟುತ್ತೇವೆ, ಬಸ್ಸಿನಲ್ಲಿ ಶಟರ್ ಎಳೆದು ಐವತ್ತು ಜನ ಒಬ್ಬರ ಉಸಿರನ್ನು ಒಬ್ಬರು ಉಸಿರಾಡುತ್ತಾ ಆಗುಂಬೆಯಿಂದ ತೀರ್ಥಹಳ್ಳಿಗೆ ಬರುತ್ತೇವೆ, ಅಂಗನವಾಡಿಯ ಒಂದೇ ಕೋಣೆಯಲ್ಲಿ ಇಪ್ಪತ್ತು ಮಕ್ಕಳು ಇರಚಲು ಹೊಡೆಯುತ್ತದೆ ಅಂತ ಕಿಟಕಿ ಹಾಕಿಕೊಂಡು ಕೂರುತ್ತಾರೆ. ಕೆಮ್ಮಿದಾಗ ಸೀನಿದಾಗ ಹಾರುವ ದೊಡ್ಡ ಹನಿಗಳು ಎದುರಿಗಿದ್ದವರ ಮುಖಕ್ಕೆ, ಮೇಜಿಗೆ, ಆಟಿಕೆಗೆ ಬೀಳುತ್ತವೆ. ಸಣ್ಣ ಹನಿಗಳು ಬೇಗ ಬೀಳುವುದಿಲ್ಲ. ಮಾತಾಡಿದರೂ ಹೊರಡುವ ಆ ಕಣಗಳು ಮುಚ್ಚಿದ ಕೋಣೆಯ ಗಾಳಿಯಲ್ಲಿ ತುಂಬಾ ಹೊತ್ತು ತೇಲುತ್ತಾ ಇರುತ್ತವೆ. ಬೆಚ್ಚಗೆ ಉಳಿಯುವ ಉಸಿರಿನ ಜೊತೆ ಅವೂ ಉಳಿಯುತ್ತವೆ. ಭಾರತದಲ್ಲಿ ಫ್ಲೂ ಏರುವುದು ವರ್ಷಕ್ಕೆ ಎರಡು ಸಲ, ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಮಳೆಗಾಲದಲ್ಲಿ ಇನ್ನೊಮ್ಮೆ. ನಮ್ಮಲ್ಲಿ ಚಳಿಗಾಲದ ಅಡಿಕೆ ಸುಲಿಯುವ ರಾತ್ರಿಗಳೂ ಹಾಗೇ, ಒಂದು ದೀಪದ ಕೆಳಗೆ ಸುತ್ತ ಕೂತು ಮೆಟ್ಟುಗತ್ತಿಯಲ್ಲಿ ಸುಲಿಯುತ್ತಾ ಮಧ್ಯರಾತ್ರಿವರೆಗೆ ಮಾತು, ಪಕ್ಕದಲ್ಲೇ ಮಕ್ಕಳನ್ನು ಮಲಗಿಸಿರುತ್ತಾರೆ.

ಇನ್ನೊಂದು ದಾರಿ ಕೈ. ಮಗು ಮೂಗು ಒರೆಸಿಕೊಳ್ಳುತ್ತದೆ, ಅದೇ ಕೈಯಲ್ಲಿ ಅಜ್ಜಿಯ ಕೆನ್ನೆ ಮುಟ್ಟುತ್ತದೆ, ಅಜ್ಜಿ ಕಣ್ಣು ಉಜ್ಜಿಕೊಳ್ಳುತ್ತಾರೆ, ಅಷ್ಟೇ. ಆರ್‌ಎಸ್‌ವಿ ಎಂಬ ವೈರಸ್ ಮೇಜು, ಬಾಗಿಲ ಚಿಲಕ, ಪ್ಲಾಸ್ಟಿಕ್ ಆಟಿಕೆ ಇಂಥ ಗಟ್ಟಿ ವಸ್ತುಗಳ ಮೇಲೆ ಗಂಟೆಗಟ್ಟಲೆ ಬದುಕಿರುತ್ತದೆ. ಎರಡು ವರ್ಷ ತುಂಬುವುದರೊಳಗೆ ಹೆಚ್ಚುಕಡಿಮೆ ಎಲ್ಲಾ ಮಕ್ಕಳಿಗೂ ಇದು ಒಮ್ಮೆ ಬಂದು ಹೋಗಿರುತ್ತದೆ. ಬಹಳ ಮಕ್ಕಳಿಗೆ ಬರೀ ನೆಗಡಿ. ಆದರೆ ಆರು ತಿಂಗಳ ಒಳಗಿನ ಕೂಸುಗಳಿಗೆ, ಅವಧಿಗೆ ಮುಂಚೆ ಹುಟ್ಟಿದವರಿಗೆ, ಹೃದಯದ ತೊಂದರೆ ಇರುವವರಿಗೆ ಅದೇ ಎದೆಗೆ ಇಳಿಯಬಹುದು. ಅವರ ಶ್ವಾಸಕೋಶದ ಕೊನೆಯ ಕೊಳವೆಗಳು ಎಷ್ಟು ಕಿರಿದು ಎಂದರೆ ಸ್ವಲ್ಪ ಊತ, ಸ್ವಲ್ಪ ಕಫ ಸಾಕು ಮುಚ್ಚಿಕೊಳ್ಳಲು. ವಯಸ್ಸಾದವರಲ್ಲಿ ಕಾರಣ ಬೇರೆ. ಕೆಮ್ಮಿ ಕಫ ಹೊರಹಾಕುವ ಶಕ್ತಿ ಕುಗ್ಗಿರುತ್ತದೆ, ರೋಗ ತಡೆಯುವ ಶಕ್ತಿಯೂ ಕುಗ್ಗಿರುತ್ತದೆ, ಜೊತೆಗೆ ಸಕ್ಕರೆ ಕಾಯಿಲೆ, ಅಸ್ತಮಾ, ಹಿಂದೆ ಸೇದಿದ ಬೀಡಿ. ಕೆಲವರಿಗೆ ಜ್ವರವೇ ಬರುವುದಿಲ್ಲ. ಸುಸ್ತು, ಊಟ ಬೇಡ, ಮಾತು ಗೊಂದಲ, ನಡೆಯುವಾಗ ತೂರಾಡುವುದು, ಇವೇ ನ್ಯುಮೋನಿಯಾದ ಮೊದಲ ಗುರುತು ಆಗಿರಬಹುದು. ಮಾವ ನನ್ನನ್ನು ಅತ್ತೆಯ ಹೆಸರಿನಿಂದ ಕರೆದ ಸಂಜೆಯೇ ನಾವು ಹೊರಡಬೇಕಿತ್ತು.

ಇನ್ನು ಮೂಗು ಸೋರುವ ಮುಂಚೆಯೇ ಹರಡುತ್ತದೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಫ್ಲೂ ಬಂದವರು ಲಕ್ಷಣ ಕಾಣುವ ಒಂದು ದಿನ ಮುಂಚಿನಿಂದ ಶುರುಮಾಡಿ ಐದಾರು ದಿನ ಹರಡಬಲ್ಲರು, ಸಣ್ಣ ಮಕ್ಕಳು ಇನ್ನೂ ಜಾಸ್ತಿ ದಿನ. ಹಾಗಾಗಿ ಪೂರ್ತಿ ತಡೆಯುವುದು ಯಾರಿಂದಲೂ ಆಗದು. ಮೊದಲ ಮೂರು ನಾಲ್ಕು ದಿನ ಅಜ್ಜ ಅಜ್ಜಿಯನ್ನು ಬೇರೆ ಮಲಗಿಸುವುದು ಆಗುತ್ತದೆ. ಲೋಟ, ಟವೆಲ್ ಬೇರೆ ಇಡುವುದು ಆಗುತ್ತದೆ. ಕೋಣೆಯ ಎರಡು ಕಡೆಯ ಕಿಟಕಿ ನಾಲ್ಕು ಬೆರಳಷ್ಟಾದರೂ ತೆರೆದಿಡುವುದು ಆಗುತ್ತದೆ, ಮಗುವಿಗೆ ಸ್ವೆಟರ್ ಹಾಕಿ. ಅಜ್ಜಿಯೇ ನೋಡಿಕೊಳ್ಳಬೇಕಾದ ಮನೆಗಳಲ್ಲಿ ಅಜ್ಜಿ ಒಂದು ಮಾಸ್ಕ್ ಹಾಕಿಕೊಂಡು, ಮೂಗು ಒರೆಸಿದ ಮೇಲೆ ಸೋಪಿನಲ್ಲಿ 20 ಸೆಕೆಂಡ್ ಕೈ ತೊಳೆದರೂ ಎಷ್ಟೋ ಕಡಿಮೆಯಾಗುತ್ತದೆ. ಕೊರೊನಾ ಕಾಲದ ಮಾಸ್ಕ್‌ಗಳು ಎಲ್ಲರ ಮನೆಯಲ್ಲೂ ಇನ್ನೂ ಇವೆ ಅಲ್ವಾ? ಸಣ್ಣ ಮಕ್ಕಳಿಗೆ ಹಾಕಬೇಡಿ, ದೊಡ್ಡವರು ಹಾಕಿಕೊಳ್ಳಿ.

ಹೊಗೆಯ ವಿಷಯ ಹೇಳಲೇಬೇಕು. ನಮ್ಮ ಕಡೆ ಗ್ಯಾಸ್ ಇದ್ದರೂ ಬಚ್ಚಲೊಲೆ ಬಿಟ್ಟಿಲ್ಲ, ಮಳೆಗಾಲದಲ್ಲಿ ಹಸಿ ಸೌದೆ ಬೇರೆ. ಮನೆಯೊಳಗಿನ ಹೊಗೆಯಿಂದ ಮಕ್ಕಳಿಗೆ ನ್ಯುಮೋನಿಯಾ ಬರುವ ಸಂಭವ ಹತ್ತಿರ ಹತ್ತಿರ ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಬಾಣಂತಿ ಕೋಣೆಯನ್ನು ನೋಡಿ. ಕಿಟಕಿ ಮುಚ್ಚಿ, ಕೆಂಡಕ್ಕೆ ಸಾಂಬ್ರಾಣಿ ಹಾಕಿ, ಹೊಗೆ ತುಂಬಿದ ಕತ್ತಲಲ್ಲಿ ಇಪ್ಪತ್ತು ದಿನದ ಕೂಸನ್ನು ಮಲಗಿಸಿರುತ್ತೇವೆ. ಬಂದವರೆಲ್ಲ ಎತ್ತಿ ಮುದ್ದು ಮಾಡುತ್ತಾರೆ. ದೊಡ್ಡವರಿಗೆ ಬರೀ ಬಿಡದ ಕೆಮ್ಮು ಅನಿಸುವ ನಾಯಿಕೆಮ್ಮು, ಇನ್ನೂ ಮೊದಲ ಲಸಿಕೆಯೂ ಆಗದ ಆರು ವಾರದೊಳಗಿನ ಮಗುವಿಗೆ ಪ್ರಾಣಕ್ಕೇ ಬರಬಹುದು. ತೊಟ್ಟಿಲ ಶಾಸ್ತ್ರಕ್ಕೆ ಬಂದ ನೆಂಟರಿಗೆ ನೆಗಡಿ ಇದ್ದರೆ ದೂರದಿಂದ ನೋಡಿ ಎನ್ನುವುದು ಅವಮಾನ ಅಲ್ಲ, ಹೇಳುವ ಧೈರ್ಯವನ್ನು ಬಾಣಂತಿಗೆ ಬಿಡದೆ ಮನೆಯ ಹಿರಿಯ ಹೆಂಗಸೇ ಹೇಳಬೇಕು. ಹಾಗೇ, ಮನೆಯ ಹಿರಿಯರಿಗೆ ಎರಡು ವಾರ ಮೀರಿ ಕೆಮ್ಮು ಇದ್ದರೆ ಕಫ ಪರೀಕ್ಷೆ ಮಾಡಿಸಿ. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಅಜ್ಜನ ಹಳೇ ಕೆಮ್ಮು ಕ್ಷಯ ಆಗಿದ್ದು, ಅದು ಮೊಮ್ಮಗುವಿಗೆ ಅಂಟುವುದು ನಮ್ಮ ದೇಶದಲ್ಲಿ ಅಪರೂಪವೇನಲ್ಲ.

ಕಷಾಯ ಬೇಡ ಎಂದು ನಾನು ಹೇಳುವುದಿಲ್ಲ, ನಮ್ಮನೆಯಲ್ಲೂ ಜೀರಿಗೆ ಮೆಣಸು ಶುಂಠಿ ಕುದಿಯುತ್ತಲೇ ಇರುತ್ತದೆ, ಗಂಟಲಿಗೆ ಹಿತ. ಆದರೆ ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸಬಾರದು, ಅದರಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾ ಎಳೆಯ ಕರುಳಿನಲ್ಲಿ ವಿಷ ಬಿಡುತ್ತದೆ. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಕೆಮ್ಮಿನ ಸಿರಪ್ ಕೂಡ ಬೇಡ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ ಕುಡಿದು ಸಣ್ಣ ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಎರಡು ವರ್ಷದೊಳಗಿನವರಿಗೆ ಕೆಮ್ಮು ನೆಗಡಿಯ ಔಷಧಿ ಕೊಡಲೇಬೇಡಿ, ಐದು ವರ್ಷದವರೆಗೂ ಸಾಮಾನ್ಯವಾಗಿ ಬೇಕಾಗುವುದಿಲ್ಲ ಎಂದು ಆಗ ಕೇಂದ್ರ ಆರೋಗ್ಯ ಇಲಾಖೆಯೇ ಹೇಳಿತು. ಆಂಟಿಬಯೋಟಿಕ್ ವೈರಸ್‌ಗೆ ಕೆಲಸ ಮಾಡುವುದಿಲ್ಲ. ಹೋದ ಸಲದ ಬಾಟಲಿಯಲ್ಲಿ ಉಳಿದದ್ದನ್ನು ಕೊಡುವುದು ನಮ್ಮೂರಲ್ಲಿ ಇನ್ನೂ ನಿಂತಿಲ್ಲ.

ಹಾಗಾದರೆ ಯಾವಾಗ ಆಸ್ಪತ್ರೆಗೆ ಓಡಬೇಕು? ಇದನ್ನು ನನಗೆ ಹೇಳಿಕೊಟ್ಟವರು ನಮ್ಮೂರಿನ ಆಶಾ ಕಾರ್ಯಕರ್ತೆ, ಆಸ್ಪತ್ರೆಯಿಂದ ಬಂದ ಮೇಲೆ. ಮೊದಲೇ ಕೇಳಿದ್ದರೆ ಮೊದಲೇ ಹೇಳುತ್ತಿದ್ದರು. ಉಸಿರು ಎಣಿಸಬೇಕು. ಮಗು ಅಳುತ್ತಿರಬಾರದು, ಹಾಲು ಕುಡಿಯುತ್ತಿರಬಾರದು. ಅಂಗಿ ಮೇಲೆತ್ತಿ, ಹೊಟ್ಟೆ ಏರುವುದನ್ನು ನೋಡುತ್ತಾ, ಗಡಿಯಾರದಲ್ಲಿ ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡು ತಿಂಗಳಿಂದ ಒಂದು ವರ್ಷದೊಳಗೆ 50 ಅಥವಾ ಹೆಚ್ಚು, ಒಂದರಿಂದ ಐದು ವರ್ಷದವರೆಗೆ 40 ಅಥವಾ ಹೆಚ್ಚು ಬಂದರೆ ಅದು ಬರೀ ನೆಗಡಿ ಅಲ್ಲ. ಪಕ್ಕೆ ಒಳಗೆ ಸೆಳೆಯುವುದು, ಹಾಲು ಬಿಡುವುದು, ತುಟಿ ನೀಲಿಯಾಗುವುದು, ಎಬ್ಬಿಸಿದರೂ ಏಳದಿರುವುದು ಕಂಡರೆ ಎಣಿಸುತ್ತಾ ಕೂರಬಾರದು, ಹೊರಟುಬಿಡಬೇಕು. ನಮ್ಮ ಊರುಗಳಿಂದ ಮಣಿಪಾಲಕ್ಕೋ ಶಿವಮೊಗ್ಗಕ್ಕೋ ತಲುಪಲು ಎಷ್ಟು ಹೊತ್ತು ಬೇಕು, ಮಳೆಗೆ ಮರ ಬಿದ್ದರೆ ಇನ್ನೆಷ್ಟು ಹೊತ್ತು ಎಂದು ನಿಮಗೆ ಗೊತ್ತು. ಬೆಳಗಾಗಲಿ ನೋಡೋಣ ಎಂಬ ಮಾತು ಪಟ್ಟಣದಲ್ಲಿ ನಡೆಯಬಹುದು, ಇಲ್ಲಿ ನಡೆಯುವುದಿಲ್ಲ. ವಯಸ್ಸಾದವರಿಗೆ ರಕ್ತದಲ್ಲಿನ ಆಕ್ಸಿಜನ್ ಅಳೆಯಲು ಬೆರಳಿಗೆ ಹಾಕುವ ಆಕ್ಸಿಮೀಟರ್ ಇದ್ದರೆ ಕೈ ಬೆಚ್ಚಗೆ ಉಜ್ಜಿ ಆಮೇಲೆ ಹಾಕಿ, ತಣ್ಣಗಿನ ಬೆರಳಿನಲ್ಲಿ ತಪ್ಪು ತೋರಿಸುತ್ತದೆ. 94ಕ್ಕಿಂತ ಕಡಿಮೆ ಇದ್ದರೆ ಡಾಕ್ಟರ್‌ಗೆ ತೋರಿಸಿ.

ಲಸಿಕೆಯ ಬಗ್ಗೆ ಒಂದು ಮಾತು. ನ್ಯುಮೋನಿಯಾ ತರುವ ಒಂದು ಬ್ಯಾಕ್ಟೀರಿಯಾವನ್ನು ತಡೆಯುವ ನ್ಯುಮೋಕಾಕಲ್ ಲಸಿಕೆ 2021ರಿಂದ ದೇಶದ ಎಲ್ಲಾ ಮಕ್ಕಳಿಗೂ ಉಚಿತ, ಆರು ವಾರ, ಹದಿನಾಲ್ಕು ವಾರ ಮತ್ತು ಒಂಬತ್ತು ತಿಂಗಳಿಗೆ. ತಾಯಿ ಕಾರ್ಡ್ ತೆಗೆದು ಒಮ್ಮೆ ನೋಡಿ, ಒಂಬತ್ತು ತಿಂಗಳಿನದು ಬಿಟ್ಟುಹೋಗುವುದು ಸುಲಭ. ಆ ಬ್ಯಾಕ್ಟೀರಿಯಾ ಮಕ್ಕಳ ಮೂಗಿನಲ್ಲಿ ಮನೆ ಮಾಡಿಕೊಂಡಿದ್ದು ಅಲ್ಲಿಂದ ಹಿರಿಯರಿಗೆ ದಾಟುತ್ತದೆ, ಹಾಗಾಗಿ ಮಗುವಿನ ತೊಡೆಗೆ ಚುಚ್ಚಿದ ಸೂಜಿ ಅಜ್ಜನನ್ನೂ ಸ್ವಲ್ಪ ಕಾಯುತ್ತದೆ. ಆದರೆ ಹಿರಿಯರಿಗೆ ಪ್ರತಿ ವರ್ಷ ಹಾಕಿಸಬೇಕಾದ ಫ್ಲೂ ಲಸಿಕೆ ಉಚಿತ ಲಸಿಕೆಗಳ ಪಟ್ಟಿಯಲ್ಲಿ ಇಲ್ಲ. ಖಾಸಗಿಯಲ್ಲಿ ದುಡ್ಡು ಕೊಟ್ಟು ಹಾಕಿಸಬೇಕು. 65 ದಾಟಿದವರಿಗಾದರೂ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಳೆಗಾಲಕ್ಕೆ ಮುಂಚೆ ಅದು ಸಿಗಬೇಕು. ಇದು ನನ್ನ ಮೊದಲ ಬೇಡಿಕೆ.

ಎರಡನೆಯದು ಶಾಲೆಗಳಿಗೆ. ಪೂರ್ತಿ ಹಾಜರಾತಿಗೆ ಬಹುಮಾನ ಕೊಡುವುದನ್ನು ಎಲ್‌ಕೆಜಿ, ಯುಕೆಜಿ, ಒಂದನೇ ಕ್ಲಾಸಿನಲ್ಲಾದರೂ ನಿಲ್ಲಿಸಿ. ಜ್ವರ ಇರುವ ಮಗುವನ್ನು ಕಳಿಸಬೇಡಿ ಎಂದು ಶಾಲೆಯೇ ಬರೆದು ಕೊಟ್ಟರೆ ತಾಯಿಗೆ ಮನೆಯಲ್ಲೂ ಕೆಲಸದ ಜಾಗದಲ್ಲೂ ತೋರಿಸಲು ಒಂದು ಕಾಗದ ಆಗುತ್ತದೆ. ಅಂಗನವಾಡಿ, ಕೂಲಿಗೆ ಹೋಗುವವರ ಮಕ್ಕಳನ್ನು ನೋಡಿಕೊಳ್ಳುವ ಪಂಚಾಯಿತಿಯ ಕೂಸಿನ ಮನೆಗಳಿಗೆ ಇರಚಲು ತಡೆಯುವ ಚಜ್ಜಾ ಹಾಕಿಸಿ, ಆಗ ಮಳೆಯಲ್ಲೂ ಕಿಟಕಿ ತೆರೆದಿಡಬಹುದು. ಎಷ್ಟು ದೊಡ್ಡ ಖರ್ಚು ಅದು?

ಆರೋಗ್ಯ ಇಲಾಖೆಗೂ ಒಂದು ಕೋರಿಕೆ ಇದೆ. ಮಕ್ಕಳ ನ್ಯುಮೋನಿಯಾ ತಡೆಯಲು ಸಾನ್ಸ್ ಎಂಬ ಅಭಿಯಾನ ಪ್ರತಿ ವರ್ಷ ನವೆಂಬರ್ 12ರಿಂದ ಫೆಬ್ರವರಿ ಕೊನೆಯವರೆಗೆ ನಡೆಯುತ್ತದೆ. ಒಳ್ಳೆಯ ಕೆಲಸ. ಆದರೆ ಅದು ಉತ್ತರ ಭಾರತದ ಚಳಿಗೆ ಹೊಂದುವ ತಿಂಗಳು. ತೀರ್ಥಹಳ್ಳಿ, ಹೊಸನಗರ, ಸಾಗರದ ಮನೆಗಳು ಬಾಗಿಲು ಮುಚ್ಚುವುದು ಆಷಾಢದಲ್ಲಿ. ನಮ್ಮ ಜಿಲ್ಲೆಯಲ್ಲಿ ಜೂನ್‌ನಲ್ಲೂ ಒಮ್ಮೆ ಆಶಾ ಕಾರ್ಯಕರ್ತೆಯರು ಮನೆಮನೆಗೆ ಬಂದು ಉಸಿರು ಎಣಿಸಲು ಕಲಿಸಲಿ, ಅದಕ್ಕೆ ಅವರಿಗೆ ಸರಿಯಾದ ಗೌರವಧನವನ್ನೂ ಕೊಡಲಿ.

ಕೊನೆಯದು ನಿಮಗೇ, ಸಂಪಾದಕರೆ. 2025ರ ಜನವರಿಯಲ್ಲಿ ಬೆಂಗಳೂರಿನ ಎರಡು ಕೂಸುಗಳಲ್ಲಿ ಎಚ್‌ಎಂಪಿವಿ ಎಂಬ ವೈರಸ್ ಸಿಕ್ಕಾಗ ಎಲ್ಲಾ ಪತ್ರಿಕೆ, ಟಿವಿಗಳಲ್ಲಿ ವಾರಗಟ್ಟಲೆ ಅದೇ ಸುದ್ದಿ. ಜನ ಹೆದರಿದರು. ಅದು 2001ರಲ್ಲೇ ಪತ್ತೆಯಾದ, ಆರ್‌ಎಸ್‌ವಿಯ ಹತ್ತಿರದ ಸಂಬಂಧಿ, ಹರಡುವ ದಾರಿಯೂ ಅದೇ ಗಾಳಿ, ಅದೇ ಕೈ. ಹೆದರಿಕೆ ಹೋಯಿತು, ಕಲಿಯಬೇಕಾದದ್ದೂ ಅದರ ಜೊತೆಗೇ ಹೋಯಿತು. ಮಳೆಗಾಲದಲ್ಲಿ ನೀವು ದಿನಾ ಜಲಾಶಯದ ಮಟ್ಟ, ಅಡಿಕೆ ಧಾರಣೆ ಹಾಕುತ್ತೀರಿ. ಲಿಂಗನಮಕ್ಕಿ ಜಲಾಶಯ ತುಂಬುವ 1819 ಅಡಿ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ. ಅದರ ಪಕ್ಕದಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಸಣ್ಣ ಚೌಕದಲ್ಲಿ 60, 50, 40 ಎಂದು ಮಕ್ಕಳ ಉಸಿರಿನ ಲೆಕ್ಕವನ್ನೂ ಹಾಕಿ. ಮಾವ ಈಗ ಮತ್ತೆ ಬೆಳಿಗ್ಗೆ ಎದ್ದ ಕೂಡಲೇ ನಿಮ್ಮ ಪತ್ರಿಕೆಯ ಆ ಪುಟವನ್ನೇ ಮೊದಲು ತೆರೆಯುತ್ತಾರೆ.

ಇಂತಿ,
ನಿಮ್ಮ ಓದುಗಿ,
ತೀರ್ಥಹಳ್ಳಿ ತಾಲ್ಲೂಕು